ದಸರೆಯ ದೀಕ್ಷೆ ತೊಟ್ಟ ರಾಜ ಒಡೆಯರು

ನವರಾತ್ರಿ ಸಮೀಪಿಸಿತೆಂದರೆ, ಎಲ್ಲಿಯೇ ನೆಲಸಿರಲಿ, ಕನ್ನಡಿಗನ ಮನಸ್ಸು ಮೈಸೂರಿನತ್ತ ಹರಿಯುತ್ತದೆ. ಜಂಬೂಸವಾರಿಯ ವೈಭವವನ್ನು ಕಂಡು ಕಣ್ತಣಿದವರು ಅನೇಕರು. ಆದರೆ ಒಡೆಯರ ವಂಶದ ಪ್ರಥಮ ದಸರೆಯು ಪುತ್ರಶೋಕದ ನಡುವೆ ನೆರವೇರಿತೆಂಬುದನ್ನು ಬಲ್ಲವರು ವಿರಳ.

ಕ್ರಿ. ಶ. 1399ರಲ್ಲಿ ಯದುರಾಯರಿಂದ ಸ್ಥಾಪಿತವಾಯಿತೆಂದು ಪ್ರತೀತಿಯುಳ್ಳ ಮೈಸೂರು ಮನೆತನವು ಬಹುಕಾಲ ವಿಜಯನಗರಕ್ಕೆ ಕಪ್ಪಕಾಣಿಕೆ ಸಲ್ಲಿಸುವ ಸಣ್ಣ ಪಾಳೆಯಪಟ್ಟಾಗಿತ್ತು. ಬೋಳ ಚಾಮರಾಜ ಒಡೆಯರ ಪುತ್ರರಾಗಿ 1552ರಲ್ಲಿ ರಾಜ ಒಡೆಯರು ಜನಿಸಿದರು. ತಂದೆಯ ತರುವಾಯ 1576ರಲ್ಲಿ ಪಟ್ಟವು ಅವರಿಗೆ ಬರಲಿಲ್ಲ. ಮನೆತನದವರೇ ಆದ ಬೆಟ್ಟದ ಒಡೆಯರಿಗೆ ಸಂದಿತು. ಎರಡು ವರ್ಷಗಳ ಅನಂತರ, 1578ರಲ್ಲಿ, ರಾಜ್ಯಭಾರವು ರಾಜ ಒಡೆಯರ ಹೆಗಲೇರಿತು.

1565ರ ತಾಳಿಕೋಟೆಯ ಯುದ್ಧದಿಂದ ವಿಜಯನಗರದ ಬಲ ಕುಗ್ಗಿತ್ತು. ರಾಜ ಒಡೆಯರು ಸುತ್ತಣ ಪಾಳೆಯಗಳನ್ನು ಒಂದೊಂದಾಗಿ ಸೇರಿಸಿಕೊಂಡು, 1610ರಲ್ಲಿ ವಿಜಯನಗರದ ಪ್ರತಿನಿಧಿಯ ವಶದಲ್ಲಿದ್ದ ಶ್ರೀರಂಗಪಟ್ಟಣವನ್ನು ಕೈಗೊಂಡರು. ಹಂಪೆಯಲ್ಲಿ ನಿಂತುಹೋಗಿದ್ದ ಮಹಾನವಮಿಯ ಉತ್ಸವವನ್ನು ಅದೇ ವರ್ಷ ಶ್ರೀರಂಗನ ಸನ್ನಿಧಿಯಲ್ಲಿ ನಡೆಸಲು ಸಂಕಲ್ಪಿಸಿದರು.

ಸಕಲ ಸಿದ್ಧತೆಗಳೂ ಮುಗಿದಿದ್ದವು. ಆಗ, ನವರಾತ್ರಿಯ ಆರಂಭಕ್ಕೆ ಒಂದು ದಿನ ಮೊದಲು, ಜ್ಯೇಷ್ಠಪುತ್ರರಾದ ನರಸರಾಜರು ಕಾಲವಶರಾದರೆಂದು ಅರಮನೆಯ ವೃತ್ತಾಂತಗಳು ತಿಳಿಸುತ್ತವೆ. ಒಂದೆಡೆ ಆಶೌಚ, ಇನ್ನೊಂದೆಡೆ ದೇವಿಗೆ ಕೈಗೊಂಡ ಸಂಕಲ್ಪ. ಐವತ್ತೆಂಟರ ವಯಸ್ಸಿನ ಆ ತಂದೆಯ ಸಂಕಟ ಎಂತಹುದಿರಬಹುದು! ಧರ್ಮಶಾಸ್ತ್ರಜ್ಞರೊಡನೆ ಆಲೋಚಿಸಿದ ಒಡೆಯರು, ದೇವತಾರಾಧನೆಯಾದ ಈ ಉತ್ಸವವು ಅರಮನೆಯ ಸಾವುನೋವುಗಳಿಂದ ನಿಲ್ಲಬಾರದೆಂದು ನಿಯಮ ಮಾಡಿದರು. ಮಗನ ಚಿತೆಯ ಬಿಸಿ ಆರುವ ಮುನ್ನವೇ ತಂದೆಯು ದೀಕ್ಷಾಬದ್ಧನಾಗಿ ಕುಳಿತನು.

ಜನರ ನೆನಪಿನಲ್ಲಿ ಈ ವಿಜಯಕ್ಕೆ ಮತ್ತೊಂದು ಮುಖವೂ ಉಂಟು. ಪ್ರತಿನಿಧಿಯ ಪತ್ನಿ ಅಲಮೇಲಮ್ಮನು, ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಳಿಗಾಗಿ ಅರಮನೆಯ ಆಳುಗಳು ಬೆನ್ನಟ್ಟಲು, ಕಾವೇರಿಯ ಮಡುವಿಗೆ ಧುಮುಕಿದಳಂತೆ. ತಲಕಾಡು ಮರಳಾಗಲೆಂದೂ, ಮಾಲಂಗಿ ಮಡುವಾಗಲೆಂದೂ, ಮೈಸೂರಿನ ದೊರೆಗಳಿಗೆ ಸಂತಾನವಿಲ್ಲದಿರಲೆಂದೂ ಶಪಿಸಿದಳಂತೆ. ತಮ್ಮ ಕಡೆಯಿಂದಾದ ನೋವನ್ನು ಆ ಮನೆತನ ಮರೆಯಲಿಲ್ಲ. ಅಲಮೇಲಮ್ಮನ ಪ್ರತಿಮೆಯನ್ನು ಅರಮನೆಯಲ್ಲಿಟ್ಟು ಪೂಜಿಸುವ ಪದ್ಧತಿಯು ಬೆಳೆದುಬಂದಿತು.

ರಾಜ ಒಡೆಯರು ಮೇಲುಕೋಟೆಯ ಚೆಲುವನಾರಾಯಣನ ಪರಮಭಕ್ತರು. ಸ್ವಾಮಿಗೆ ಅವರು ಅರ್ಪಿಸಿದ ರತ್ನಖಚಿತ ಕಿರೀಟವು ರಾಜಮುಡಿಯೆಂದೇ ಪ್ರಸಿದ್ಧ. ಅವರ ಭಕ್ತವಿಗ್ರಹವು ಆ ದೇವಾಲಯದಲ್ಲಿದೆ. ಅಂತ್ಯಕಾಲದಲ್ಲಿ ಅವರು ಗರ್ಭಗುಡಿಯನ್ನು ಹೊಕ್ಕು ದೇವನಲ್ಲಿ ಐಕ್ಯರಾದರೆಂದು ಭಕ್ತರ ನಂಬಿಕೆ.

1617ರಲ್ಲಿ ಅವರು ಅಸ್ತಂಗತರಾದಾಗ ನಾಲ್ವರು ಪುತ್ರರು ಅವರಿಗಿಂತ ಮೊದಲೇ ಗತಿಸಿದ್ದರು. ದಿವಂಗತ ನರಸರಾಜರ ಮಗ, ಹದಿನಾಲ್ಕರ ಬಾಲಕ ಚಾಮರಾಜರಿಗೆ ಪಟ್ಟವಾಯಿತು. 1637ರಲ್ಲಿ ಸಿಂಹಾಸನವು ರಾಜ ಒಡೆಯರ ಪುತ್ರರೇ ಆದ ಇಮ್ಮಡಿ ರಾಜ ಒಡೆಯರಿಗೂ, ಮರುವರ್ಷ ಮನೆತನದ ಇನ್ನೊಂದು ಕವಲಿನ ರಣಧೀರ ಕಂಠೀರವ ನರಸರಾಜರಿಗೂ ಸಂದಿತು. ಮುಂದೆಯೂ ಅನೇಕ ಬಾರಿ ದತ್ತುಸ್ವೀಕಾರದಿಂದಲೋ ಸೋದರಪುತ್ರರಿಂದಲೋ ವಂಶ ಮುಂದುವರಿಯಿತು. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚಾಮರಾಜೇಂದ್ರರನ್ನು ದತ್ತು ಪಡೆದರು. 1940ರಲ್ಲಿ ನಾಲ್ವಡಿಯವರ ತರುವಾಯ ಅವರ ತಮ್ಮನ ಮಗ ಜಯಚಾಮರಾಜೇಂದ್ರರು ಪಟ್ಟವೇರಿದರು. ಶಾಪವನ್ನು ನಂಬುವವರು ಇವನ್ನೇ ಸಾಕ್ಷಿಯೆನ್ನುತ್ತಾರೆ. ತಂದೆಯಿಂದ ಮಗನಿಗೆ ಪಟ್ಟ ಸಂದ ಉದಾಹರಣೆಗಳೂ ಇಲ್ಲದಿಲ್ಲ.

ರಾಜ್ಯಗಳು ಅಳಿದವು, ಸಿಂಹಾಸನದ ಅಧಿಕಾರವೂ ಮುಗಿಯಿತು. ಆದರೆ ಮಗನನ್ನು ಕಳೆದುಕೊಂಡ ತಂದೆಯೊಬ್ಬನು ಆರಿಹೋಗಗೊಡದ ಹಣತೆಯು ನಾಲ್ಕು ಶತಮಾನಗಳ ಮೇಲೂ ಬೆಳಗುತ್ತಿದೆ. ರಕ್ತದ ವಾರಸಿಕೆ ಕವಲೊಡೆದರೂ ವ್ರತದ ವಾರಸಿಕೆ ತುಂಡಾಗಲಿಲ್ಲ. ಹುಟ್ಟೂರಿನಿಂದ ದೂರವಿದ್ದು ಮನೆಯಲ್ಲಿ ಗೊಂಬೆ ಕೂರಿಸುವ ಪ್ರತಿಯೊಬ್ಬ ಕನ್ನಡಿಗನೂ ಆ ವ್ರತದ ಉತ್ತರಾಧಿಕಾರಿಯೇ ಸರಿ.