ಬರೂಚ್ ಸ್ಪಿನೋಜ

ಬರೂಚ್ ಸ್ಪಿನೋಜ (ನವೆಂಬರ್ 24, 1632 – ಫೆಬ್ರವರಿ 21, 1677) ಡಚ್ ತತ್ತ್ವಜ್ಞಾನಿ. ಪೋರ್ಚುಗಲ್ ಮೂಲದ ಯಹೂದಿ ವರ್ತಕರ ಮನೆತನದಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜನಿಸಿದ. 1656ರ ಜುಲೈ 27ರಂದು ಅಲ್ಲಿನ ಯಹೂದಿ ಸಮುದಾಯ ಈತನಿಗೆ ಬಹಿಷ್ಕಾರ ಹಾಕಿತು. ಸಮುದಾಯದವರಾರೂ ಈತನೊಡನೆ ಮಾತನಾಡುವಂತಿರಲಿಲ್ಲ, ಈತ ಬರೆದುದನ್ನು ಓದುವಂತಿರಲಿಲ್ಲ. ಆಗ ಈತನಿಗೆ 23 ವರ್ಷ. ಅನಂತರ ಮಸೂರಗಳನ್ನು ಉಜ್ಜುವ ಕಸುಬಿನಲ್ಲಿ ತೊಡಗಿ, ಅವಿವಾಹಿತನಾಗಿ, ಸರಳವಾಗಿ ಬಾಳಿದ.

ಇರುವುದು ಒಂದೇ ದ್ರವ್ಯ, ಅದೇ ದೇವರು, ಅದೇ ಪ್ರಕೃತಿ ಎಂಬುದು ಈತನ ಸಿದ್ಧಾಂತ. ಕಲ್ಲು, ಮರ, ಮನುಷ್ಯ ಎಲ್ಲವೂ ಆ ದ್ರವ್ಯದ ಪ್ರಕಾರಗಳು. ಮನಸ್ಸು ಮತ್ತು ದೇಹ ಬೇರೆ ಬೇರೆ ವಸ್ತುಗಳಲ್ಲ. ಒಂದರದೇ ಎರಡು ಮುಖಗಳು. ಜಗತ್ತಿನ ಹೊರಗೆ ನಿಂತು ಅದನ್ನು ಸೃಷ್ಟಿಸಿದ ದೇವರಿಗೆ ಇಲ್ಲಿ ಎಡೆಯಿಲ್ಲ, ಅಪಾಯವಿದ್ದುದೂ ಅದರಲ್ಲೇ. ಇದನ್ನು ಅದ್ವೈತಕ್ಕೆ ಹೋಲಿಸುವವರುಂಟು. ಆದರೆ ಸ್ಪಿನೋಜನ ಮತದಲ್ಲಿ ಜಗತ್ತು ಮಿಥ್ಯೆಯಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

1673ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯ ಪ್ರಾಧ್ಯಾಪಕ ಹುದ್ದೆಗೆ ಆಹ್ವಾನಿಸಿತು. ಪ್ರಚಲಿತ ಧರ್ಮಕ್ಕೆ ಧಕ್ಕೆ ತರಬಾರದೆಂಬ ನಿರೀಕ್ಷೆ ಅದರ ಜೊತೆಗಿತ್ತು, ಸ್ಪಿನೋಜ ಒಪ್ಪಲಿಲ್ಲ. ಮುಖ್ಯಕೃತಿ 'ಎಥಿಕ್ಸ್' ಅನ್ನು 1675ರಲ್ಲಿ ಅಚ್ಚಿಗೆ ಕೊಡಲು ಹೊರಟು, ವಿರೋಧದ ಸುಳಿವು ಸಿಕ್ಕಿ ತಡೆಹಿಡಿದ. ಹೇಗ್ ನಗರದಲ್ಲಿ ಈತ ತೀರಿಕೊಂಡ ವರ್ಷವೇ ಗೆಳೆಯರು ಅದನ್ನು ಪ್ರಕಟಿಸಿದರು. ಮುಖಪುಟದಲ್ಲಿ ಹೆಸರಿನ ಮೊದಲಕ್ಷರಗಳು ಮಾತ್ರ ಇದ್ದವು. 1678ರಲ್ಲಿ ಹಾಲೆಂಡ್ ಆಡಳಿತ ಅದನ್ನು ನಿಷೇಧಿಸಿತು.