ಹಮೀದಾ ಬಾನು: ಗಂಡು ಪೈಲ್ವಾನರಿಗೆ ಮಣ್ಣು ಮುಕ್ಕಿಸಿದಾಕೆ ಕಲ್ಯಾಣದಲ್ಲಿ ಹಾಲು ಮಾರಿ ಬದುಕಿದರು

ಒಂದು ನಿಮಿಷ 34 ಸೆಕೆಂಡ್. ಬರೋಡಾದ ಅಖಾಡದಲ್ಲಿ ಬಾಬಾ ಪೈಲ್ವಾನ್ ಎಂಬ ಹೆಸರಾಂತ ಜಟ್ಟಿಯನ್ನು ಚಿತ್ ಮಾಡಲು ಹಮೀದಾ ಬಾನುಗೆ ಬೇಕಾದದ್ದು ಇಷ್ಟೇ ಸಮಯ. 1954ರ ಮೇ ತಿಂಗಳ ಆರಂಭದಲ್ಲಿ ಈ ಸುದ್ದಿ ತಂತಿಯ ಮೂಲಕ ದೇಶ ವಿದೇಶದ ಪತ್ರಿಕೆಗಳನ್ನು ಮುಟ್ಟಿತು. ಸೋತ ಬಾಬಾ ಪೈಲ್ವಾನ್ ಕುಸ್ತಿಯನ್ನೇ ಬಿಟ್ಟರು. ಗೆದ್ದಾಕೆಯ ಕುಸ್ತಿಯೂ ಹೆಚ್ಚು ದಿನ ನಡೆಯಲಿಲ್ಲ ಎಂಬುದು ಮಾತ್ರ ಬಹಳ ಜನಕ್ಕೆ ತಿಳಿಯದ ಸಂಗತಿ.

ಆ ಪಂದ್ಯಕ್ಕೆ ಇನ್ನೊಂದು ಆಕರ್ಷಣೆಯೂ ಇತ್ತು. ಅದೇ ವರ್ಷ ಫೆಬ್ರವರಿಯಲ್ಲಿ ಹಮೀದಾ ಒಂದು ಸವಾಲು ಎಸೆದಿದ್ದರು. ಕಣದಲ್ಲಿ ತನ್ನನ್ನು ಸೋಲಿಸಿದ ಗಂಡಸನ್ನು ಮದುವೆಯಾಗುವುದಾಗಿ ಘೋಷಿಸಿದ್ದರು. ಪಟಿಯಾಲಾದ ಒಬ್ಬ ಚಾಂಪಿಯನ್ ಬಂದು ಸೋತರು, ಕಲ್ಕತ್ತಾದ ಇನ್ನೊಬ್ಬರೂ ಸೋತರು. ಮೂರನೆಯ ಸರದಿ ಬರೋಡಾ ಮಹಾರಾಜರ ಆಶ್ರಯದಲ್ಲಿದ್ದ ಛೋಟೆ ಗಾಮಾ ಪೈಲ್ವಾನ್ ಅವರದ್ದಾಗಿತ್ತು. ಹೆಂಗಸಿನ ಜತೆ ಸೆಣಸುವುದಿಲ್ಲವೆಂದು ಅವರು ಕೊನೆ ಗಳಿಗೆಯಲ್ಲಿ ಹಿಂದೆ ಸರಿದಾಗ ಆ ಜಾಗಕ್ಕೆ ಬಂದವರೇ ಬಾಬಾ ಪೈಲ್ವಾನ್. ಪಂದ್ಯ ಮುಗಿದ ಮೇಲೆ ಈ ಪೈಲ್ವಾನರಿಗೆ ಮದುವೆಯ ಯೋಗವಿಲ್ಲ ಎಂದು ರೆಫರಿಯೇ ಸಾರಿದರಂತೆ.

ಇಂದು ಟಿವಿಯಲ್ಲಿ ಡಬ್ಲ್ಯುಡಬ್ಲ್ಯುಇ ನೋಡುವವರಿಗೆ ಈ ತಂತ್ರ ಹೊಸದಲ್ಲ. ಪಂದ್ಯಕ್ಕೆ ಮುಂಚೆ ಒಂದು ಕಥೆ ಬೇಕು, ಒಂದು ಪಣ ಬೇಕು, ಟಿಕೆಟ್ ಖರ್ಚಾಗಬೇಕು. ಆ ಲೆಕ್ಕದಲ್ಲಿ ಮದುವೆಯ ಸವಾಲು ಪಕ್ಕಾ ವೃತ್ತಿಪರ ಕುಸ್ತಿಯ ಪ್ರಚಾರ. ಆದರೆ ಸೆಣಸಲು ಬಂದವರು ಮಣ್ಣಿನ ಗರಡಿಯಲ್ಲಿ ಬೆಳೆದ ಪೈಲ್ವಾನರು. ಹಮೀದಾ ನಿಂತದ್ದು ಈ ಎರಡು ಲೋಕಗಳ ನಡುವಿನ ಗೆರೆಯ ಮೇಲೆ. ಅವರಿಗೆ ಹೆಸರು ಬಂದದ್ದೂ ಅಲ್ಲಿಂದಲೇ, ಏಟು ಬಿದ್ದದ್ದೂ ಅಲ್ಲಿಂದಲೇ.

ಮಿರ್ಜಾಪುರದಿಂದ ಅಲೀಗಢಕ್ಕೆ

ಹಮೀದಾ ಉತ್ತರ ಪ್ರದೇಶದ ಮಿರ್ಜಾಪುರದವರು. ಅಲ್ಲಿನ ಗಂಡು ಪೈಲ್ವಾನರ ವಿರೋಧ ತಾಳಲಾರದೆ ಅಲೀಗಢಕ್ಕೆ ಬಂದು ಸಲಾಂ ಪೈಲ್ವಾನ್ ಎಂಬ ಉಸ್ತಾದರ ಬಳಿ ಪಟ್ಟು ಕಲಿತರು. ಮುಂದೆ ಅವರ ಪಂದ್ಯಗಳ ವ್ಯವಹಾರವನ್ನೆಲ್ಲ ನೋಡಿಕೊಂಡದ್ದೂ ಇದೇ ಸಲಾಂ. ಪತ್ರಿಕೆಗಳು ಹಮೀದಾಗೆ ಅಲೀಗಢದ ಅಮೆಜಾನ್ ಎಂದು ಹೆಸರಿಟ್ಟವು.

1944ರ ಹೊತ್ತಿಗೇ ಮುಂಬೈಯಲ್ಲಿ ಈ ಹೆಸರಿಗೆ ಎಂಥ ಸೆಳೆತವಿತ್ತು ಎಂಬುದಕ್ಕೆ ಒಂದು ಘಟನೆ ಸಾಕು. ಗೂಂಗಾ ಪೈಲ್ವಾನ್ ಜತೆಗಿನ ಪಂದ್ಯ ನೋಡಲು ಸುಮಾರು 20,000 ಜನ ಸ್ಟೇಡಿಯಂನಲ್ಲಿ ಸೇರಿದ್ದರು. ಹೆಚ್ಚು ಹಣ ಬೇಕು, ತಯಾರಿಗೆ ಹೆಚ್ಚು ಸಮಯ ಬೇಕು ಎಂದು ಗೂಂಗಾ ಪಟ್ಟು ಹಿಡಿದರು. ಕೊನೆ ಕ್ಷಣದಲ್ಲಿ ಪಂದ್ಯ ರದ್ದಾಯಿತು. ಸಿಟ್ಟಾದ ಜನ ಸ್ಟೇಡಿಯಂ ಅನ್ನೇ ಧ್ವಂಸ ಮಾಡಿದರು.

ಹಮೀದಾರ ಎತ್ತರ 5 ಅಡಿ 3 ಅಂಗುಲ, ತೂಕ 108 ಕಿಲೋ. ಅಂದಿನ ಪತ್ರಿಕೆಗಳಿಗೆ ಕುಸ್ತಿಗಿಂತ ಅವರ ಊಟದ ಮೇಲೇ ಹೆಚ್ಚು ಕಣ್ಣು. ದಿನಕ್ಕೆ ಐದೂವರೆ ಲೀಟರ್‌ಗೂ ಹೆಚ್ಚು ಹಾಲು, ಸುಮಾರು ಮೂರು ಲೀಟರ್ ಸೂಪ್, ಎರಡು ಲೀಟರ್‌ನಷ್ಟು ಹಣ್ಣಿನ ರಸ, ಒಂದು ಇಡೀ ಕೋಳಿ, ಕಿಲೋಗೆ ಸ್ವಲ್ಪ ಕಡಿಮೆ ಮಟನ್, ಅರ್ಧ ಕಿಲೋ ಬೆಣ್ಣೆ, ಆರು ಮೊಟ್ಟೆ, ಬಾದಾಮಿ, ಎರಡು ದೊಡ್ಡ ಬ್ರೆಡ್, ಮೇಲೆ ಎರಡು ಪ್ಲೇಟ್ ಬಿರಿಯಾನಿ ಎಂದು ಪಟ್ಟಿಯೇ ಅಚ್ಚಾಯಿತು. ಒಂಬತ್ತು ಗಂಟೆ ನಿದ್ದೆ, ಆರು ಗಂಟೆ ಸಾಮು. ಪಟ್ಟಿಯಲ್ಲಿ ಸ್ವಲ್ಪ ಉಪ್ಪು ಖಾರ ಸೇರಿರಬಹುದು, ಆರು ಗಂಟೆಯ ಸಾಮು ಮಾತ್ರ ಆ ಮೈಕಟ್ಟಿಗೆ ಬೇಕೇ ಬೇಕಿತ್ತು. 1954ರ ಹೊತ್ತಿಗೆ ತಾನು 300ಕ್ಕೂ ಹೆಚ್ಚು ಪಂದ್ಯ ಗೆದ್ದಿರುವುದಾಗಿ ಹಮೀದಾ ಹೇಳಿಕೊಂಡಿದ್ದರು.

ಪುಣೆಯಲ್ಲಿ ತಡೆ, ಕೊಲ್ಹಾಪುರದಲ್ಲಿ ಕಲ್ಲು

ಆಟಗಾರರು ವೃತ್ತಿಪರ ಕುಸ್ತಿಯ ಕಣ ಹತ್ತುವುದಕ್ಕೆ ತಂಡಗಳೋ ಸಂಘಗಳೋ ಅಡ್ಡ ಬರುವುದು ಎಲ್ಲ ಕಡೆಯೂ ಇದ್ದದ್ದೇ. ಶಿಕಾಗೊ ಬುಲ್ಸ್ ತಂಡದ ಡೆನಿಸ್ ರಾಡ್‌ಮನ್ 1998ರ ಎನ್‌ಬಿಎ ಫೈನಲ್ ಸರಣಿಯ ನಡುವೆಯೇ ಅಭ್ಯಾಸ ತಪ್ಪಿಸಿ ಕುಸ್ತಿ ಷೋಗೆ ಹೋಗಿ ದಂಡ ತೆತ್ತರು. ಅವರಿಗೆ ಹೋದದ್ದು ಒಂದಿಷ್ಟು ಡಾಲರ್. ಹಮೀದಾ ಅವರ ವಿಷಯದಲ್ಲಿ ಅಡ್ಡಿ ಬಂದದ್ದು ಹೊಟ್ಟೆಪಾಡಿಗೇ.

ಪುಣೆಯಲ್ಲಿ ರಾಮಚಂದ್ರ ಸಾಳುಂಕೆ ಎಂಬ ಪೈಲ್ವಾನರ ಜತೆ ನಡೆಯಬೇಕಿದ್ದ ಪಂದ್ಯಕ್ಕೆ ಅಲ್ಲಿನ ರಾಷ್ಟ್ರೀಯ ತಾಲೀಮ್ ಸಂಘ ವಿರೋಧ ಒಡ್ಡಿತು. ಪಂದ್ಯ ರದ್ದಾಯಿತು. ಕುಸ್ತಿಗೆ ಹೆಸರಾದ, ಬೆಳಗಾವಿ ನಿಪ್ಪಾಣಿಯ ಹುಡುಗರೂ ಪಟ್ಟು ಕಲಿಯಲು ಹೋಗುವ ಕೊಲ್ಹಾಪುರದಲ್ಲಿ ನಡೆದದ್ದು ಇನ್ನೂ ಕೆಟ್ಟದ್ದು. ಶೋಭಾ ಸಿಂಗ್ ಪಂಜಾಬಿ ಎಂಬ ಗಂಡು ಜಟ್ಟಿಯನ್ನು ಹಮೀದಾ ಸೋಲಿಸಿದಾಗ ಪ್ರೇಕ್ಷಕರು ಇದೆಲ್ಲ ನಾಟಕ ಎಂದು ಕೂಗಾಡಿ ಕಲ್ಲು ತೂರಿದರು. ಪೊಲೀಸರು ಬಂದು ಜನರನ್ನು ಚದುರಿಸಬೇಕಾಯಿತು.

ಮುಂಬೈ ರಾಜ್ಯದಲ್ಲಿ ತನ್ನ ಪಂದ್ಯಗಳಿಗೆ ಹೆಚ್ಚುಕಡಿಮೆ ನಿಷೇಧವೇ ಇದೆ ಎಂದು ಹಮೀದಾ ಆಗಿನ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ ಅವರಿಗೆ ದೂರು ಕೊಟ್ಟರು. ದೇಸಾಯಿ ಅವರ ಉತ್ತರ ಬಂತು. ಹೆಂಗಸು ಎಂಬ ಕಾರಣಕ್ಕೆ ತಡೆದಿಲ್ಲ, ಸಂಘಟಕರು ಅವರೆದುರು ಸೋಲಲೆಂದೇ ಡಮ್ಮಿ ಪೈಲ್ವಾನರನ್ನು ಇಳಿಸುತ್ತಿದ್ದಾರೆಂಬ ದೂರುಗಳಿವೆ ಎಂಬುದು ಅದರ ಸಾರ.

ದೂರಿನಲ್ಲಿ ಹುರುಳಿತ್ತೇ? ಕೆಲವು ಪಂದ್ಯಗಳ ಮಟ್ಟಿಗೆ ಇದ್ದಿರಲೂಬಹುದು. ಆ ಕಾಲದಲ್ಲಿ ಮುಂಬೈಯ ಕುಸ್ತಿ ದೊಡ್ಡ ವ್ಯಾಪಾರವಾಗಿತ್ತು. ಕಿಂಗ್ ಕಾಂಗ್, ದಾರಾ ಸಿಂಗ್ ಅವರ ಪಂದ್ಯಗಳಿಗೆ ಜನ ಮುಗಿಬೀಳುತ್ತಿದ್ದರು, ಅಲ್ಲಿಯೂ ಎಲ್ಲವೂ ಅಸಲಿ ಎಂದು ಯಾರೂ ಆಣೆ ಇಡುತ್ತಿರಲಿಲ್ಲ. ಅವರ ಮೇಲೆ ಕಲ್ಲು ಬೀಳಲಿಲ್ಲ. ಡಮ್ಮಿಗಳನ್ನು ತಂದವರು ಸಂಘಟಕರಾದರೆ ಕಣದಿಂದ ಹೊರಬೀಳಬೇಕಾದದ್ದು ಹಮೀದಾ ಏಕೆ ಎಂಬುದಕ್ಕೂ ಆ ಉತ್ತರದಲ್ಲಿ ಜಾಗವಿರಲಿಲ್ಲ.

ಹೋಗಲಾಗದ ಯುರೋಪ್

1954ರಲ್ಲಿಯೇ ಮುಂಬೈಯಲ್ಲಿ ರಷ್ಯಾದ ಹೆಣ್ಣು ಕರಡಿ ಎಂದು ಹೆಸರಾದ ವೆರಾ ಚಿಸ್ಟಿಲಿನ್ ಅವರನ್ನು ಹಮೀದಾ ಒಂದು ನಿಮಿಷದೊಳಗೆ ಕೆಡವಿದರು. ಎದುರಾಳಿ ಹೆಂಗಸು, ಅದೂ ವಿದೇಶಿ. ಇನ್ನು ಯುರೋಪಿಗೆ ಹೋಗಿ ಅಲ್ಲಿನ ಪೈಲ್ವಾನರ ಜತೆ ಸೆಣಸುವುದಾಗಿ ಅವರು ಅದೇ ವರ್ಷ ಪ್ರಕಟಿಸಿದರು.

ಇದು ಬರೀ ಜಂಬದ ಮಾತಾಗಿರಲಿಲ್ಲ. ಹೊರಗೆ ಹೆಣ್ಣು ಕುಸ್ತಿಗೆ ಮಾರುಕಟ್ಟೆ ಇತ್ತು. ಅಮೆರಿಕದಲ್ಲಿ ಮಿಲ್ಡ್ರೆಡ್ ಬರ್ಕ್ ಎಂಬಾಕೆ ಹಮೀದಾರಂತೆಯೇ ಜಾತ್ರೆ ಕಣಗಳಲ್ಲಿ ಗಂಡಸರಿಗೆ ಸವಾಲು ಹಾಕಿ ಮೇಲೆ ಬಂದವರು. ತನ್ನನ್ನು ಕೆಡವಿದವರಿಗೆ 25 ಡಾಲರ್ ಎಂಬುದು ಅವರ ಪಣ. ಮುಂದೆ ವಿಶ್ವ ಚಾಂಪಿಯನ್ ಎನಿಸಿಕೊಂಡ ಅವರು 1954ರಲ್ಲಿ ಜಪಾನಿಗೆ ಹೋಗಿ ಪಂದ್ಯ ಆಡಿದರು. ಅಲ್ಲಿ ಹೆಂಗಸರ ವೃತ್ತಿಪರ ಕುಸ್ತಿ ಬೇರೂರಲು ಆ ಪ್ರವಾಸ ದೊಡ್ಡ ಕಾರಣವಾಯಿತು. ಮಿಲ್ಡ್ರೆಡ್‌ಗೂ ಮ್ಯಾನೇಜರ್ ಆಗಿದ್ದ ಗಂಡನಿಂದ ಹೊಡೆತ, ಮೋಸ ತಪ್ಪಲಿಲ್ಲ. ಆದರೂ ಆಕೆ ಬೇರೆಯಾಗಿ ತನ್ನದೇ ದಾರಿ ಹಿಡಿಯಲು ಸಾಧ್ಯವಾಯಿತು.

ಹಮೀದಾಗೆ ಅದು ಸಾಧ್ಯವಾಗಲಿಲ್ಲ. ಯುರೋಪಿನ ಯೋಚನೆ ಸಲಾಂ ಪೈಲ್ವಾನರಿಗೆ ಹಿಡಿಸಲಿಲ್ಲ. ತಡೆಯಲೆಂದು ಅವರು ಕೋಲಿನಿಂದ ಹೊಡೆದು ಹಮೀದಾರ ಕೈ ಮುರಿದರು ಎಂದು ಹಮೀದಾರ ಮೊಮ್ಮಗ ಮುಂದೆ ಸುದ್ದಿ ಮಾಧ್ಯಮಕ್ಕೆ ತಿಳಿಸಿದರು. ಕಾಲುಗಳೂ ಮುರಿದಿದ್ದವು, ನಿಲ್ಲಲೂ ಆಗುತ್ತಿರಲಿಲ್ಲ, ವರ್ಷಗಟ್ಟಲೆ ಲಾಠಿಯ ಆಸರೆಯಿಲ್ಲದೆ ನಡೆಯಲಾಗಲಿಲ್ಲ ಎಂದು ನೆರೆಯವರು ನೆನೆದಿದ್ದಾರೆ. ಇಬ್ಬರಿಗೂ ಮದುವೆಯಾಗಿತ್ತು ಎಂದು ಸಲಾಂ ಕಡೆಯವರು ಹೇಳಿದರೆ, ಹಮೀದಾ ಸಾಕಿದ ಮಗನ ಮನೆಯವರು ಇಲ್ಲವೆನ್ನುತ್ತಾರೆ. ಸೋಲಿಸಿದವನನ್ನೇ ಮದುವೆಯಾಗುವೆ ಎಂದು ಊರೂರಿಗೆ ಸಾರಿದ್ದಾಕೆಯ ಮನೆಯೊಳಗಿನ ಸಂಬಂಧ ಏನೆಂಬುದು ಹೀಗೆ ಇಬ್ಬಗೆಯ ಮಾತಾಗಿಯೇ ಉಳಿದಿದೆ. 1954ರ ನಂತರ ಕುಸ್ತಿ ಸುದ್ದಿಗಳಲ್ಲಿ ಹಮೀದಾ ಬಾನು ಎಂಬ ಹೆಸರು ಕಾಣೆಯಾಯಿತು.

ಕಲ್ಯಾಣದ ದಿನಗಳು

ಅಲೀಗಢ, ಮುಂಬೈ ಎಂದು ಓಡಾಡುತ್ತಿದ್ದ ಇಬ್ಬರೂ ಕಲ್ಯಾಣದಲ್ಲಿ ಹಾಲಿನ ವ್ಯಾಪಾರ ಹೂಡಿದ್ದರು. ವಿಠ್ಠಲವಾಡಿಯ ಪಕ್ಕದ ಈ ಜಂಕ್ಷನ್ ಊರಿಗೆ ಮುಂಬೈಯ ಹಸಿವು ಚೆನ್ನಾಗಿ ಗೊತ್ತು. ತಬೇಲಾದ ಹಾಲು ಬೆಳಗಿನ ಲೋಕಲ್ ಹಿಡಿದು ಹೋಗುವ ಕಡೆ ಅದು. ಇಂದು ಡೊಂಬಿವಲಿ, ಕಲ್ಯಾಣ, ವಿಠ್ಠಲವಾಡಿಯ ಪಟ್ಟಿಯಲ್ಲಿ ಕನ್ನಡ ಮಾತಾಡುವ ಮನೆಗಳಿಗೂ ಕಡಿಮೆಯಿಲ್ಲ. ತಮ್ಮ ಊರಿನಲ್ಲಿ ಇಂಥವರೊಬ್ಬರು ಬಾಳಿ ಹೋದರೆಂದು ಅಲ್ಲಿನವರಲ್ಲೇ ಎಷ್ಟು ಜನಕ್ಕೆ ಗೊತ್ತೋ.

ಮುಂದೆ ಸಲಾಂ ಅಲೀಗಢಕ್ಕೆ ಮರಳಿದರು. ಹಮೀದಾ ಹೋಗಲಿಲ್ಲ. ದಿನಕ್ಕೆ ಐದೂವರೆ ಲೀಟರ್ ಹಾಲು ಕುಡಿಯುತ್ತಾರೆಂದು ಪತ್ರಿಕೆಗಳಲ್ಲಿ ಅಚ್ಚಾದವರು ಈಗ ಹಾಲು ಅಳೆದು ಮಾರಿದರು, ಕಟ್ಟಡಗಳನ್ನು ಬಾಡಿಗೆಗೆ ಕೊಟ್ಟರು. ಕೈ ಬರಿದಾದಾಗ ಮನೆಯಲ್ಲೇ ತಿಂಡಿ ಮಾಡಿ ರಸ್ತೆ ಬದಿಯಲ್ಲಿ ಮಾರಿದರು. ಪೆನ್ಷನ್ ಇರಲಿಲ್ಲ, ಪ್ರಶಸ್ತಿಯೂ ಇರಲಿಲ್ಲ. 1986ರಲ್ಲಿ ತೀರಿಕೊಂಡರು.

ಹೆಂಗಸರ ಕುಸ್ತಿ ಒಲಿಂಪಿಕ್ಸ್‌ಗೆ ಸೇರಿದ್ದು 2004ರಲ್ಲಿ, ಅಥೆನ್ಸ್ ಕೂಟದಿಂದ. ಸಾಕ್ಷಿ ಮಲಿಕ್ ಕಂಚು ಗೆದ್ದದ್ದು 2016ರಲ್ಲಿ. ಮೈಸೂರು ದಸರಾ ಕುಸ್ತಿಯಲ್ಲಿಯೂ ಈಗ ಹುಡುಗಿಯರ ಜೋಡಿಗಳಿವೆ. 2024ರ ಮೇ 4ರಂದು ಗೂಗಲ್ ಹಮೀದಾ ಬಾನು ಅವರ ಡೂಡಲ್ ಪ್ರಕಟಿಸಿತು. ಬರೋಡಾ ಪಂದ್ಯ ವರದಿಯಾಗಿ ಅಂದಿಗೆ 70 ವರ್ಷ. ಆ ಚಿತ್ರ ಬರೆದವರು ಬೆಂಗಳೂರಿನ ಕಲಾವಿದೆ ದಿವ್ಯಾ ನೇಗಿ.