ಕಾರ್ಯಾಗಾರವೇ ಪಾಠಶಾಲೆ: ಲಿಯೊನಾರ್ಡೊ ಡ ವಿಂಚಿ

ಮಕ್ಕಳೇ, ಮೋನಾಲಿಸಾ ಚಿತ್ರದ ಹೆಸರನ್ನು ನೀವು ಕೇಳಿರಬಹುದು. ಅದನ್ನು ಬರೆದವನು ಇಟಲಿ ದೇಶದ ಲಿಯೊನಾರ್ಡೊ ಡ ವಿಂಚಿ. ಆದರೆ ಅವನು ಬರಿಯ ಚಿತ್ರಕಾರನಲ್ಲ. ಯಂತ್ರಗಳ ನಕ್ಷೆ ಬರೆದ. ಹಕ್ಕಿಗಳ ಹಾರಾಟವನ್ನೂ ನೀರಿನ ಸುಳಿಗಳನ್ನೂ ಗಮನಿಸಿದ. ಮನುಷ್ಯ ದೇಹದ ಒಳರಚನೆಯನ್ನು ಕಣ್ಣಾರೆ ಕಂಡು ಚಿತ್ರಿಸಿದ. ಇಷ್ಟನ್ನೆಲ್ಲ ಅವನು ಎಲ್ಲಿ ಕಲಿತ? ವಿಶ್ವವಿದ್ಯಾಲಯದ ಮೆಟ್ಟಿಲನ್ನೇ ಹತ್ತದ ಅವನಿಗೆ ಒಂದು ಕಾರ್ಯಾಗಾರವೇ ಪಾಠಶಾಲೆಯಾಗಿತ್ತು. ಬನ್ನಿ, ಆ ಕಥೆಯನ್ನು ತಿಳಿಯೋಣ.

ಬಾಲ್ಯ

ಲಿಯೊನಾರ್ಡೊ 1452ರ ಏಪ್ರಿಲ್ 15ರಂದು ವಿಂಚಿ ಎಂಬ ಊರಿನ ಬಳಿ ಹುಟ್ಟಿದ. ತಂದೆ ದಸ್ತಾವೇಜು ಬರೆಯುವ ನೋಟರಿ. ತಾಯಿ ಕ್ಯಾಟರೀನಾ. ಅವರಿಬ್ಬರೂ ಪರಸ್ಪರ ಮದುವೆಯಾಗಿರಲಿಲ್ಲ. ಆ ಕಾಲದ ಕಟ್ಟಳೆಯಂತೆ ಅಂಥ ಮಗ ತಂದೆಯ ವೃತ್ತಿಗೆ ಸೇರುವಂತಿರಲಿಲ್ಲ. ಪಂಡಿತರ ಭಾಷೆಯಾದ ಲ್ಯಾಟಿನ್ ಕೂಡ ಅವನಿಗೆ ಚಿಕ್ಕಂದಿನಲ್ಲಿ ದೊರೆಯಲಿಲ್ಲ. ವಿಜ್ಞಾನದ ಪುಸ್ತಕಗಳು ಹೆಚ್ಚಾಗಿ ಆ ಭಾಷೆಯಲ್ಲೇ ಇದ್ದವು. ಹೀಗೆ ಎರಡು ಬಾಗಿಲುಗಳು ಅವನಿಗೆ ಮುಚ್ಚಿದ್ದವು.

ಹುಡುಗನಿಗೆ ಚಿತ್ರ ಬರೆಯುವ ಕೈ ಚೆನ್ನಾಗಿತ್ತು. ಹದಿಹರೆಯದಲ್ಲಿ ಅವನನ್ನು ಫ್ಲಾರೆನ್ಸ್ ನಗರದ ಆಂಡ್ರಿಯಾ ವೆರೋಕಿಯೊ ಎಂಬ ಕುಶಲಿಗನ ಬಳಿ ಕೆಲಸ ಕಲಿಯಲು ಸೇರಿಸಲಾಯಿತು.

ಒಂದೇ ಸೂರಿನಡಿ ಹಲವು ಕೆಲಸ

ಕಮ್ಮಾರನ ಕುಲುಮೆ, ಅಕ್ಕಸಾಲಿಗನ ಅಂಗಡಿ, ಬಡಗಿಯ ಮನೆ, ಚಿತ್ರಕಾರನ ಕೋಣೆ ಇವೆಲ್ಲ ಒಂದೇ ಸೂರಿನಡಿ ಇದ್ದರೆ ಹೇಗಿರುತ್ತದೆ? ಊಹಿಸಿಕೊಳ್ಳಿ. ವೆರೋಕಿಯೊನ ಕಾರ್ಯಾಗಾರ ಹಾಗಿತ್ತು. ಅಲ್ಲಿ ಚಿನ್ನದ ಕೆಲಸ, ಕಂಚಿನ ಎರಕ, ಕಲ್ಲಿನ ಕೆತ್ತನೆ, ಚಿತ್ರ ಎಲ್ಲವೂ ನಡೆಯುತ್ತಿದ್ದವು. ಹುಡುಗರು ಮೊದಲು ಬಣ್ಣ ಅರೆಯುತ್ತಿದ್ದರು. ಬಳಿಕ ದೊಡ್ಡವರ ಕೆಲಸ ನೋಡಿ ನೋಡಿ ಕಲಿಯುತ್ತಿದ್ದರು. ಒಬ್ಬನಿಗೆ ಗೊತ್ತಿದ್ದುದು ಬೇಗನೆ ಎಲ್ಲರಿಗೂ ತಿಳಿಯುತ್ತಿತ್ತು.

ಒಂದೇ ಚಿತ್ರದಲ್ಲಿ ಹಲವರ ಕೈ ಇರುವುದೂ ಅಲ್ಲಿ ಸಾಮಾನ್ಯ. ಯೇಸುವಿನ ದೀಕ್ಷಾಸ್ನಾನದ ಒಂದು ಚಿತ್ರದಲ್ಲಿ ಗುರುವು ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ ಬಳಸಿದ. ಅದೇ ಚಿತ್ರದ ಒಬ್ಬ ದೇವದೂತನನ್ನು ಶಿಷ್ಯ ಲಿಯೊನಾರ್ಡೊ ಎಣ್ಣೆಬಣ್ಣದಲ್ಲಿ ಬರೆದ. ಗುರು ಶಿಷ್ಯರ ಕೆಲಸ ಇಂದಿಗೂ ಅದರಲ್ಲಿ ಅಕ್ಕಪಕ್ಕ ಕಾಣುತ್ತದೆ.

ತಾಮ್ರದ ಗೋಳ

ಲಿಯೊನಾರ್ಡೊ ಅಲ್ಲಿದ್ದಾಗ ಕಾರ್ಯಾಗಾರಕ್ಕೆ ಒಂದು ಕಷ್ಟದ ಕೆಲಸ ಬಂತು. ಫ್ಲಾರೆನ್ಸಿನ ದೊಡ್ಡ ಚರ್ಚಿನ ಗುಮ್ಮಟದ ತುದಿಗೆ ತಾಮ್ರದ ಗೋಳವೊಂದನ್ನು ಕೂರಿಸಬೇಕಿತ್ತು. ಅದರ ತೂಕ ಸುಮಾರು 2 ಟನ್. ಏರಿಸಬೇಕಾದ ಎತ್ತರ 100 ಮೀಟರಿಗೂ ಹೆಚ್ಚು. ವಿದ್ಯುತ್ತಾಗಲಿ ಉಗಿಯಂತ್ರವಾಗಲಿ ಇಲ್ಲದ ಕಾಲ ಅದು! ಕುಶಲಿಗರು ತಾಮ್ರದ ತಗಡುಗಳನ್ನು ಗೋಳಾಕಾರಕ್ಕೆ ಬಗ್ಗಿಸಿ ಬೆಸೆದರು. ರಾಟೆ ಮತ್ತು ಹಗ್ಗಗಳ ಎತ್ತುಯಂತ್ರದಿಂದ ಮೇಲೇರಿಸಿದರು. 1471ರ ಮೇ 27ರಂದು ಗೋಳ ತುದಿ ಮುಟ್ಟಿತು.

ಆ ಗುಮ್ಮಟವನ್ನು ಕಟ್ಟಿದ ಬ್ರುನೆಲೆಸ್ಕಿಯ ಎತ್ತುಯಂತ್ರಗಳನ್ನು ಲಿಯೊನಾರ್ಡೊ ತನ್ನ ಪುಸ್ತಕಗಳಲ್ಲಿ ಚಿತ್ರಿಸಿಕೊಂಡ. 40 ವರ್ಷಗಳ ಮೇಲೆ, ಸೂರ್ಯನ ಬೆಳಕನ್ನು ಒಂದೆಡೆ ಸೇರಿಸುವ ನಿಮ್ನ ದರ್ಪಣಗಳ ವಿಚಾರ ಮಾಡುವಾಗಲೂ ಅವನಿಗೆ ಆ ಗೋಳದ ಬೆಸುಗೆ ನೆನಪಾಯಿತು.

ಎರಕದ ವಿದ್ಯೆ ವಿಜ್ಞಾನಕ್ಕೆ

1482ರ ಸುಮಾರಿಗೆ ಲಿಯೊನಾರ್ಡೊ ಮಿಲಾನ್ ನಗರಕ್ಕೆ ಹೋದ. ಅಲ್ಲಿನ ದೊರೆಗಾಗಿ ಭಾರೀ ಕಂಚಿನ ಕುದುರೆಯೊಂದನ್ನು ಮಾಡಲು ಹೊರಟ. ಸುಮಾರು 7 ಮೀಟರ್ ಎತ್ತರದ ಮಣ್ಣಿನ ಮಾದರಿ 1493ರಲ್ಲಿ ಸಿದ್ಧವಾಯಿತು. ಆದರೆ ಮರುವರ್ಷ ಆ ಕಂಚು ಫಿರಂಗಿ ಮಾಡಲು ಹೋಯಿತು. 1499ರಲ್ಲಿ ಬಂದ ಫ್ರೆಂಚ್ ಸೈನಿಕರು ಮಣ್ಣಿನ ಕುದುರೆಯನ್ನು ಬಾಣದ ಗುರಿಯಾಗಿ ಬಳಸಿ ಹಾಳುಮಾಡಿದರು. ಹತ್ತು ವರ್ಷಗಳ ದುಡಿಮೆ ಮಣ್ಣುಪಾಲಾಯಿತು.

ಆದರೆ ಕಲಿತ ವಿದ್ಯೆ ಹಾಳಾಗಲಿಲ್ಲ. ಎರಕ ಹೊಯ್ಯುವವರು ಮೇಣದ ಅಚ್ಚು ಬಳಸುತ್ತಾರೆ. ಟೊಳ್ಳಿಗೆ ಮೇಣ ಹೊಯ್ದರೆ ಆ ಟೊಳ್ಳಿನ ಆಕಾರ ಸಿಗುತ್ತದೆ ಎಂಬುದು ಅವರಿಗೆ ಗೊತ್ತು. ಮಿದುಳಿನ ಒಳಗೂ ಟೊಳ್ಳುಗಳಿವೆ. ಕೊಯ್ದರೆ ಅವು ಕುಸಿದು ಆಕಾರ ಕೆಡುತ್ತದೆ. ಲಿಯೊನಾರ್ಡೊ ಏನು ಮಾಡಿದ ಗೊತ್ತೆ? ಎತ್ತಿನ ಮಿದುಳಿನ ಟೊಳ್ಳುಗಳಿಗೆ ಕರಗಿದ ಮೇಣವನ್ನು ತುಂಬಿದ. ಮೇಣ ಗಟ್ಟಿಯಾದ ಮೇಲೆ ಸುತ್ತಲಿನ ಭಾಗವನ್ನು ಬಿಡಿಸಿ ತೆಗೆದ. ಟೊಳ್ಳಿನ ನಿಜವಾದ ಆಕಾರ ಕೈಗೆ ಬಂತು! ಪುಸ್ತಕ ಓದಿದ ಪಂಡಿತರಿಗೆ ಹೊಳೆಯದ ಉಪಾಯ ಎರಕದ ಕೆಲಸ ಬಲ್ಲವನಿಗೆ ಹೊಳೆಯಿತು.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಬುಡದಲ್ಲಿ ಕವಾಟಗಳಿವೆ. ಅವು ಹೇಗೆ ಮುಚ್ಚಿಕೊಳ್ಳುತ್ತವೆ ಎಂದು ತಿಳಿಯಲು ಅವನು ಆ ನಾಳದ ಗಾಜಿನ ಮಾದರಿಯನ್ನು ಯೋಚಿಸಿದ. ಅದರಲ್ಲಿ ಹರಿಯುವ ನೀರಿಗೆ ಹುಲ್ಲಿನ ಬೀಜ ಬೆರೆಸಿದರೆ ಸುಳಿಗಳು ಕಣ್ಣಿಗೆ ಕಾಣುತ್ತವೆ. ಕವಾಟ ಮುಚ್ಚಲು ಆ ಸುಳಿಗಳು ನೆರವಾಗುತ್ತವೆ ಎಂದು ಅವನು ಬರೆದ. 20ನೆಯ ಶತಮಾನದ ವಿಜ್ಞಾನಿಗಳ ಪ್ರಯೋಗಗಳು ಈ ಮಾತಿಗೆ ಬೆಂಬಲ ನೀಡಿದವು.

ಮುಚ್ಚಿಟ್ಟ ಪುಸ್ತಕಗಳು

ಲಿಯೊನಾರ್ಡೊ ಎಡಗೈಯವನು. ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಾಣುವಂತೆ ಬರೆಯುತ್ತಿದ್ದ. ಅವನ ಟಿಪ್ಪಣಿಗಳ ಸುಮಾರು 7000 ಪುಟಗಳು ಉಳಿದಿವೆ. ಆದರೆ ಅವನು ಬದುಕಿರುವಾಗ ತನ್ನದೆಂದು ಒಂದು ಪುಸ್ತಕವನ್ನೂ ಅಚ್ಚು ಹಾಕಿಸಲಿಲ್ಲ. 1519ರ ಮೇ 2ರಂದು ಫ್ರಾನ್ಸಿನಲ್ಲಿ, 67ನೆಯ ವಯಸ್ಸಿನಲ್ಲಿ ತೀರಿಕೊಂಡ. ಟಿಪ್ಪಣಿಗಳು ಶಿಷ್ಯ ಮೆಲ್ಜಿಯ ಬಳಿ ಉಳಿದು, ಅವನ ನಂತರ ಚೆಲ್ಲಾಪಿಲ್ಲಿಯಾದವು.

1543ರಲ್ಲಿ ವೆಸೇಲಿಯಸ್ ಎಂಬ ವೈದ್ಯ ದೇಹರಚನೆಯ ದೊಡ್ಡ ಪುಸ್ತಕವನ್ನು ಅಚ್ಚು ಮಾಡಿಸಿದ. ಅದು ಯುರೋಪಿನ ವೈದ್ಯಶಿಕ್ಷಣವನ್ನೇ ಬದಲಿಸಿತು. ಅದಕ್ಕೂ 30 ವರ್ಷ ಮೊದಲೇ ಬರೆದ ಲಿಯೊನಾರ್ಡೊನ ಚಿತ್ರಗಳಿಂದ ಆಗಿನ ವೈದ್ಯರಿಗೆ ಹೆಚ್ಚಿನ ಪ್ರಯೋಜನವಾಗಲಿಲ್ಲ. ಅವು ಸರಿಯಾಗಿ ಅಚ್ಚಾಗತೊಡಗಿದ್ದು 19ನೆಯ ಶತಮಾನದ ಕೊನೆಗೆ. ಯೋಚಿಸಿ ನೋಡಿ: ಹತ್ತಾರು ಜನ ಒಟ್ಟಿಗೆ ಕಲಿಯುವ ಕಾರ್ಯಾಗಾರ ಅವನನ್ನು ಬೆಳೆಸಿತು. ಆದರೆ ಅವನು ಕಂಡದ್ದು ಬಹುಕಾಲ ಬೇರೆಯವರಿಗೆ ತಲುಪಲೇ ಇಲ್ಲ. ಹಂಚಿಕೊಂಡಾಗಲೇ ತಿಳಿವು ಬೆಳೆಯುತ್ತದೆ ಅಲ್ಲವೆ?

ಇಂದು ಹಲವು ನಗರಗಳಲ್ಲಿ ಹ್ಯಾಕರ್‌ಸ್ಪೇಸ್, ಮೇಕರ್‌ಸ್ಪೇಸ್ ಎಂಬ ಸಮುದಾಯ ಕಾರ್ಯಾಗಾರಗಳಿವೆ. ಅಲ್ಲಿ ಎಂಜಿನಿಯರ್, ಚಿತ್ರಕಾರ, ವಿದ್ಯಾರ್ಥಿ ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತು, ಉಪಕರಣಗಳನ್ನೂ ತಿಳಿದುದನ್ನೂ ಹಂಚಿಕೊಂಡು ಹೊಸ ವಸ್ತುಗಳನ್ನು ಮಾಡುತ್ತಾರೆ. ವೆರೋಕಿಯೊನ ಕಾರ್ಯಾಗಾರವನ್ನು ನೆನಪಿಸುವ ಜಾಗಗಳಿವು.

ಮಾಡಿ ನೋಡಿ

ಒಂದು ಗಾಜಿನ ಲೋಟಕ್ಕೆ ನೀರು ತುಂಬಿ. ಅದರಲ್ಲಿ ಸಣ್ಣ ಹುಲ್ಲಿನ ಬೀಜಗಳನ್ನು ಹಾಕಿ, ಕಡ್ಡಿಯಿಂದ ತಿರುಗಿಸಿ ಬಿಡಿ. ಬೀಜಗಳು ಎಲ್ಲಿ ವೇಗವಾಗಿ, ಎಲ್ಲಿ ನಿಧಾನವಾಗಿ ಸುತ್ತುತ್ತವೆ? ಕಂಡದ್ದನ್ನು ತಾರೀಖು ಹಾಕಿ ಚಿತ್ರ ಬರೆಯಿರಿ. ಬರೆದದ್ದನ್ನು ಮುಚ್ಚಿಡಬೇಡಿ, ತರಗತಿಯ ಗೋಡೆಗೆ ಅಂಟಿಸಿ.